ಟೀ ಹೊರುವ ಗೊಂಬೆಗಳು, ಆರನೇ ಡಬ್ಬಿ

ಭಾನುವಾರ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರವರೆಗೆ ಮೊಮ್ಮಗಳ ಪಕ್ಕ ಸೋಫಾದ ಮೇಲೆ ಕೂತು ಟೀವಿಯಲ್ಲಿ ಗೊಂಬೆಗಳ ಆನಿಮೆ ಕಾರ್ಟೂನು ನೋಡುವುದು ನನ್ನ ಕೆಲಸವಾಗಿತ್ತು. ನಾನು ಜಪಾನಿನ ಕ್ಯೋಟೋಗೆ ಬಂದ ಮೊದಲ ವಾರವೇ ಅವಳು ಈ ಡ್ಯೂಟಿ ಹಾಕಿದಳು. ಅವಳಿಗೆ ಎಂಟು ವರ್ಷ. ಅವಳ ಅಮ್ಮ, ಅಂದರೆ ನನ್ನ ಮಗಳು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ, ಭಾನುವಾರ ತಡವಾಗಿ ಏಳುತ್ತಾಳೆ. ಮೂವತ್ತೈದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ, ಅದರಲ್ಲಿ ಕೊನೆಯ ಎಂಟು ವರ್ಷ ಸೂಪರಿಂಟೆಂಡೆಂಟ್ ಆಗಿ ಇದ್ದ ನನಗೆ ಡ್ಯೂಟಿ ಅಂದರೆ ಡ್ಯೂಟಿ. ಎಂಟು ಇಪ್ಪತ್ತೈದಕ್ಕೆಲ್ಲ ಕಾಫಿ ಮುಗಿಸಿ, ಕನ್ನಡಕ ಒರೆಸಿಕೊಂಡು ಕೂತಿರುತ್ತಿದ್ದೆ.

ಕತೆ ನಡೆಯುವುದು ಒಂದು ಹಳೆಯ ಪಟ್ಟಣದಲ್ಲಿ. ಅಲ್ಲಿನ ಗೊಂಬೆಗಳಿಗೆಲ್ಲ ಜೀವವಿದೆ. ಮನುಷ್ಯರ ಪೈಕಿ ಒಬ್ಬ ಚಿಕ್ಕ ಹುಡುಗಿಗೆ ಮಾತ್ರ ಅದು ಗೊತ್ತು. ಪ್ರತಿವಾರ ಒಂದೊಂದು ಗೊಂಬೆಯ ಕತೆ. ಮೊದಮೊದಲು ನನಗೆ ಅದು ರುಚಿಸಲಿಲ್ಲ. ಆ ಗೊಂಬೆಗಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಿರಲಿಲ್ಲ, ಮಲಗುತ್ತಿರಲಿಲ್ಲ.

“ಇವುಗಳಿಗೆ ಒಬ್ಬ ಸ್ಟ್ರಿಕ್ಟ್ ಸಿಸ್ಟರ್ ಬೇಕು ಕಣೇ,” ಎಂದೆ ಒಮ್ಮೆ.

“ಅಜ್ಜಿ, ಶ್! ಸುಮ್ನೆ ನೋಡು. ಕ್ವೆಶ್ಚನ್ಸ್ ಎಲ್ಲಾ ಲಾಸ್ಟಲ್ಲಿ.”

ನಾನೇ ಟ್ರೈನಿಂಗಿನ ಹುಡುಗಿಯರಿಗೆ ಹೇಳುತ್ತಿದ್ದ ಮಾತು ಅದು. ಪರದೆಯ ಕಡೆ ತಿರುಗಿದೆ. ಆದರೆ ಕಳೆದ ಶರತ್ಕಾಲದ ಒಂದು ಭಾನುವಾರ ಬಂದ ಕಂತು ನನ್ನನ್ನು ಸೋಫಾದಿಂದ ಎಬ್ಬಿಸಿ ಕೆಳಗಿನ ಮನೆಯ ಬಾಗಿಲಿಗೆ ಕರೆದುಕೊಂಡು ಹೋಯಿತು. ಅದನ್ನು ಹೇಳುವ ಮೊದಲು ಕೆಳಗಿನ ಮನೆಯವರ ವಿಷಯ ಹೇಳಬೇಕು.

ಅವರೂ ನನ್ನ ಹಾಗೆ ವಯಸ್ಸಾದ ಹೆಂಗಸು, ನನಗಿಂತ ಎರಡು ವರ್ಷ ದೊಡ್ಡವರು. ಒಂದು ಶಾಲೆಯ ಅಡಿಗೆಮನೆಯಲ್ಲಿ ಬಹುಕಾಲ ಮಕ್ಕಳ ಊಟ ಬೇಯಿಸಿ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ನಾವು ಭೇಟಿಯಾದದ್ದು ಪಾರ್ಕಿನಲ್ಲಿ. ಅಲ್ಲಿ ಪ್ರತಿದಿನ ಬೆಳಿಗ್ಗೆ ಆರೂವರೆಗೆ ಒಬ್ಬರು ರೇಡಿಯೋ ತಂದಿಡುತ್ತಾರೆ. ಪಿಯಾನೋ ಶುರುವಾಗುತ್ತದೆ, ವಯಸ್ಸಾದವರೆಲ್ಲ ಸಾಲಾಗಿ ನಿಂತು ಕೈಕಾಲು ಆಡಿಸುತ್ತಾರೆ. ಆರೂವರೆ ಎಂದರೆ ಆರೂವರೆ. ಒಂದು ನಿಮಿಷ ಆಚೆಯೂ ಇಲ್ಲ, ಈಚೆಯೂ ಇಲ್ಲ. ಮೊದಲ ದಿನವೇ ನನಗೆ ಈ ದೇಶ ಹಿಡಿಸಿಬಿಟ್ಟಿತು. ಎರಡನೆಯ ದಿನ ನಾನು ಎಡಕ್ಕೆ ತಿರುಗಬೇಕಾದಾಗ ಬಲಕ್ಕೆ ತಿರುಗಿ ಎದುರುಬದುರಾದದ್ದು ಈ ಅಜ್ಜಿಗೆ. ಇಬ್ಬರೂ ನಕ್ಕೆವು. ಅಂದಿನಿಂದ ವ್ಯಾಯಾಮ ಮುಗಿದ ಮೇಲೆ ನದಿಯ ದಡದಲ್ಲಿ ಸೇತುವೆಯವರೆಗೆ ಹೋಗಿ ಬರುವುದು ರೂಢಿಯಾಯಿತು. ನನ್ನ ಜಪಾನೀಸ್ ಹತ್ತು ಹನ್ನೆರಡು ಪದ. ಅವರ ಇಂಗ್ಲಿಷ್ ಅದಕ್ಕಿಂತ ಕಡಿಮೆ. ಹಾಗಾಗಿ ಅವರು ಜಪಾನೀಸಿನಲ್ಲಿ ಮಾತಾಡುತ್ತಿದ್ದರು, ನಾನು ಕನ್ನಡದಲ್ಲಿ. ಮೊಮ್ಮಗಳು ನನ್ನನ್ನು ಅಜ್ಜಿ ಎಂದು ಕರೆಯುವುದನ್ನು ಕೇಳಿ ಅವರೂ, ಗೌರವಕ್ಕೆ ಒಂದು ಸಾನ್ ಸೇರಿಸಿ, ನನ್ನನ್ನು ‘ಅಜ್ಜಿ-ಸಾನ್’ ಎಂದರು. ತೊಂಬತ್ತು ದಿನದ ವೀಸಾದಲ್ಲಿ ಬಂದವಳಿಗೆ ಸಿಕ್ಕ ಒಬ್ಬಳೇ ಗೆಳತಿ.

ತೊಂದರೆ ಶುರುವಾದದ್ದು ಐದು ಕಾಕಿ ಹಣ್ಣಿನಿಂದ, ನೋಡಲು ಕಿತ್ತಳೆ ಬಣ್ಣದ ಟೊಮೇಟೊ. ಅವರು ಚಿಕ್ಕ ಬಿದಿರಿನ ಬುಟ್ಟಿಯಲ್ಲಿ ತಂದುಕೊಟ್ಟರು. ಬುಟ್ಟಿ ವಾಪಸ್ ಕೊಡಬೇಕು. ಖಾಲಿ ಕೊಡುವುದು ನಮ್ಮ ಮನೆಯ ಪದ್ಧತಿಯಲ್ಲ. ಮೈಸೂರಿನಿಂದ ಒಂದರೊಳಗೊಂದು ಕೂರುವ ಏಳು ಸ್ಟೀಲ್ ಡಬ್ಬಿಗಳ ಸೆಟ್ ತಂದಿದ್ದೆ. ಅದರಲ್ಲಿ ಎರಡನೆಯದಕ್ಕೆ ಕೋಡುಬಳೆ ತುಂಬಿ, ಬುಟ್ಟಿಯಲ್ಲಿಟ್ಟು ಕೊಟ್ಟೆ. ಎರಡು ದಿನ ಬಿಟ್ಟು ಡಬ್ಬಿ ಬಂತು, ತುಂಬ ಚೆಸ್ಟ್‌ನಟ್ ಹಾಕಿದ ಅನ್ನ. ಅದಕ್ಕೊಂದು ಹೂವಿನ ಚಿತ್ರದ ಬಟ್ಟೆಯ ಗಂಟು. ಈಗ ಬಟ್ಟೆ ವಾಪಸ್ ಹೋಗಬೇಕಲ್ಲ? ಮೂರನೇ ಡಬ್ಬಿಗೆ ರವೆ ಉಂಡೆ ತುಂಬಿ ಆ ಬಟ್ಟೆಯಲ್ಲೇ ಕಟ್ಟಿದೆ. ಅದು ತೆಳ್ಳಗೆ ಹೆಚ್ಚಿದ ಗೆಡ್ಡೆಯ ಉಪ್ಪಿನಕಾಯಿಯ ಜೊತೆ ಬಂತು, ಮೇಲೊಂದು ಬಾಟಲಿ ಯೂಜು ಎಂಬ ನಿಂಬೆ ಜಾತಿಯ ಹಣ್ಣಿನ ಜಾಮ್. ಬಾಟಲಿಯನ್ನು ಖಾಲಿ ಕೊಡಲಾದೀತೇ?

ಮಗಳು ಒಂದು ದಿನ ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು:

“ಅಮ್ಮ, ಇದು ಯಾವಾಗ ಮುಗಿಯತ್ತೆ?”

“ಅವರು ನಿಲ್ಲಿಸಿದಾಗ.”

“ಅವರು ನಿಲ್ಸಲ್ಲ. ಇಲ್ಲಿ ಯಾರಾದ್ರೂ ಏನಾದ್ರೂ ಕೊಟ್ರೆ ತಿರುಗಿ ಏನಾದ್ರೂ ಕೊಡ್ಲೇಬೇಕು. ಅದು ಅವರ ರೂಲು.”

“ನಾನು ಖಾಲಿ ಡಬ್ಬಿ ಕೊಡಲ್ಲ. ಅದು ನನ್ನ ರೂಲು.”

“ಸರಿಹೋಯ್ತು. ಇನ್ನು ನನ್ ಫ್ರಿಜ್ಜಲ್ಲಿ ನಂಗೇ ಜಾಗ ಇಲ್ಲ!”

ಸುಳ್ಳಲ್ಲ, ನಾನೂ ಸುಸ್ತಾಗಿದ್ದೆ. ಆದರೆ ದೀಪಾವಳಿ ಬಂತು. ಆರನೇ ಡಬ್ಬಿ ತೆಗೆದೆ, ಅದರಲ್ಲಿ ಒಂದು ಸಣ್ಣ ಮದುವೆಗಾಗುವಷ್ಟು ಹಿಡಿಯುತ್ತದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಶಂಕರಪೋಳಿ, ರವೆ ಉಂಡೆ, ಮೈಸೂರು ಪಾಕ್, ಹೋಳಿಗೆ. ಒಟ್ಟು ಏಳು ಬಗೆ. ಹೊತ್ತುಕೊಂಡು ಹೋಗಿ ಕೊಟ್ಟೆ. ಅವರು ಮುಚ್ಚಳ ತೆಗೆದು ಬೆರಳಿಟ್ಟು ಒಂದೊಂದೇ ಬಗೆ ಎಣಿಸಿದರು. ನಾನು ಅದನ್ನು ಸಂತೋಷ ಎಂದುಕೊಂಡೆ.

ಮರುದಿನ ಅವರು ಪಾರ್ಕಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಒಬ್ಬಳೇ ಸೇತುವೆಯವರೆಗೆ ಹೋಗಿ ಬಂದೆ. ಕನ್ನಡದಲ್ಲಿ ಹೇಳಿಕೊಳ್ಳಲು ಬೇಕಾದಷ್ಟಿತ್ತು, ಕೇಳುವವರು ಇರಲಿಲ್ಲ. ಐದನೆಯ ದಿನ ಮೊಮ್ಮಗಳ ಜೊತೆ ಹಾಲು ತರಲು ಮೂಲೆಯ ಕೊಂಬಿನಿ ಅಂಗಡಿಗೆ ಹೋದಾಗ ಅವರು ಎದುರಾದರು. ನನ್ನನ್ನು ಕಂಡವರೇ ಮೂರು ಸಲ ಬಗ್ಗಿ, “ಸುಮಿಮಾಸೆನ್, ಸುಮಿಮಾಸೆನ್,” ಎಂದು ಇನ್ನೇನೋ ಹೇಳಿ, ಬಿರಬಿರನೆ ಹೊರಟುಹೋದರು. ಬಲಗೈ ಮಣಿಕಟ್ಟಿಗೆ ಒಂದು ಕರವಸ್ತ್ರ ಸುತ್ತಿತ್ತು. ಹೆಬ್ಬೆರಳಿನ ಬುಡ ಊದಿಕೊಂಡಿತ್ತು.

“ಏನಂದ್ರು?”

“ಸಾರಿ ಅಂದ್ರು. ಇನ್ನೂ ರೆಡಿ ಆಗಿಲ್ವಂತೆ.”

“ಏನು ರೆಡಿ ಆಗಿಲ್ಲ?”

“ಗೊತ್ತಿಲ್ಲ. ಅಜ್ಜಿ, ಐಸ್‌ಕ್ರೀಮ್ ತಗೊಳ್ಳೋಣ್ವಾ?”

ಮನೆಗೆ ಬಂದು ಕೂತು ಕಾರಣಗಳನ್ನು ಯೋಚಿಸಿದೆ. ಚಕ್ಕುಲಿ ಗಟ್ಟಿಯಾಗಿ ಹಲ್ಲಿಗೇನಾದರೂ ಆಯಿತೇ? ನಿಪ್ಪಟ್ಟಿನ ಖಾರ ಹೆಚ್ಚಾಯಿತೇ? ಏನಾದರೂ ಅಪಚಾರವಾಯಿತೇ? ಊರಿಗೆ ಹಿಂದಿರುಗಲು ಇಪ್ಪತ್ತಾರು ದಿನ ಉಳಿದಿತ್ತು. ಇಪ್ಪತ್ತಾರು ಬೆಳಗನ್ನು ಹೀಗೆ ಕಳೆಯುವುದು ನನಗೆ ಬೇಕಿರಲಿಲ್ಲ.

ಆಗ ಬಂತು ಆ ಭಾನುವಾರದ ಕಂತು.

ಒಂದೇ ಬೀದಿಯಲ್ಲಿ ಎದುರುಬದುರು ಎರಡು ಟೀ ಅಂಗಡಿ. ಎರಡರಲ್ಲೂ ಒಂದೊಂದು ಮರದ ಗೊಂಬೆ, ಹಳೆಯ ಕಾಲದ್ದು, ಕೀಲಿ ಕೊಟ್ಟು ನಡೆಸುವಂಥದ್ದು. ಕೈಯಲ್ಲಿ ತಟ್ಟೆ. ತಟ್ಟೆಯ ಮೇಲೆ ಟೀ ಕಪ್ ಇಟ್ಟರೆ ಗೊಂಬೆ ತಲೆಯಾಡಿಸುತ್ತ ಅತಿಥಿಯ ಕಡೆ ಹೊರಡುತ್ತದೆ. ಅತಿಥಿ ಕಪ್ ಎತ್ತಿಕೊಂಡರೆ ನಿಲ್ಲುತ್ತದೆ. ಖಾಲಿ ಕಪ್ ಮತ್ತೆ ಇಟ್ಟರೆ ತಿರುಗಿ ಮನೆಗೆ ಹೋಗುತ್ತದೆ. ಇಂಥ ಗೊಂಬೆಗಳು ನಿಜಕ್ಕೂ ಇವೆಯಂತೆ, ಮೊಮ್ಮಗಳು ಮ್ಯೂಸಿಯಮ್ಮಿನಲ್ಲಿ ನೋಡಿದ್ದಾಳೆ.

ಈ ಎರಡು ಗೊಂಬೆಗಳು ಜೀವದ ಗೆಳತಿಯರು. ಅಂಗಡಿ ತೆರೆಯುವ ಮುಂಚೆ ಹೊಸ್ತಿಲಲ್ಲಿ ನಿಂತು ಗುಬ್ಬಚ್ಚಿಗಳ ವಿಷಯ ಮಾತಾಡಿಕೊಳ್ಳುತ್ತವೆ. ಆದರೆ ಯಜಮಾನರಿಗೆ ಹಟ. ಈಚೆಯವನು ತನ್ನ ಗೊಂಬೆಯ ಕೈಯಲ್ಲಿ ಆಚೆಯವನಿಗೆ ಟೀ ಕಳಿಸುತ್ತಾನೆ, ನೋಡು ನನ್ನ ಟೀ ಎಂದು. ಆಚೆಯವನು ಅದಕ್ಕಿಂತ ದೊಡ್ಡ ಕಪ್ಪಿನಲ್ಲಿ ಮರುಟೀ ಕಳಿಸುತ್ತಾನೆ. ಊರಿನವರು ಎರಡು ಪಕ್ಷವಾಗಿ ಚಪ್ಪಾಳೆ ಹೊಡೆಯುತ್ತಾರೆ. ಗೊಂಬೆಗಳಿಗೆ ಪಂದ್ಯ ಬೇಡ, ಆದರೆ ಕಪ್ ಇಟ್ಟಮೇಲೆ ಚಕ್ರ ಯಾರ ಮಾತೂ ಕೇಳುವುದಿಲ್ಲ. ಬೀದಿಯ ನಡುವೆ ಒಂದನ್ನೊಂದು ದಾಟುವಾಗ ಮಾತ್ರ ಅರ್ಧ ಮಾತು.

“ಏನಂತೆ?” ಎಂದೆ ನಾನು, ಕೊನೆಯವರೆಗೆ ಕಾಯಲಾಗದೆ.

“‘ನಿಂಗೆ ನೋಯ್ತಿದ್ಯಾ’ ಅಂತ ಒಂದು ಗೊಂಬೆ ಕೇಳಿತು. ಇನ್ನೊಂದು ‘ಇಲ್ಲ’ ಅಂತು. ಬಟ್ ಸುಳ್ಳು, ಅಜ್ಜಿ. ಅದರ ಸ್ಪ್ರಿಂಗ್ ಹೋಗ್ತಾ ಇದೆ. ಇನ್ನೊಂದ್ಸಲ ಹೋದ್ರೆ ಕಟ್ ಆಗತ್ತೆ.” ನನ್ನ ಸೆರಗಿನ ತುದಿ ಅವಳ ಮುಷ್ಟಿಯಲ್ಲಿತ್ತು.

ಕಪ್ಪುಗಳು ಬಟ್ಟಲಾದವು, ಬಟ್ಟಲು ಬೋಗುಣಿಯಾದವು. ಸ್ಪ್ರಿಂಗ್ ಸವೆದ ಗೊಂಬೆ ಬೋಗುಣಿ ಹೊತ್ತು ವಾಲುತ್ತ ಹೊರಟಿತು. ಅಷ್ಟರಲ್ಲಿ, ಗೊಂಬೆಗಳ ಗುಟ್ಟು ಗೊತ್ತಿದ್ದ ಆ ಹುಡುಗಿ ಓಡಿಬಂದು ಬೀದಿಯ ನಡುವೆ ಎರಡೂ ತಟ್ಟೆಗಳಿಂದ ಬೋಗುಣಿಗಳನ್ನು ಎತ್ತಿಬಿಟ್ಟಳು. ಎರಡೂ ನಿಂತವು, ಎದುರುಬದುರಾಗಿ. “ಇಡು! ಇಡು!” ಎಂದು ಯಜಮಾನರು ಕೂಗಿದರು. ಅವಳು ಇಡಲಿಲ್ಲ. ನೆಲದ ಮೇಲೆ ಕೂತು ನಿಧಾನವಾಗಿ ಟೀ ಕುಡಿಯತೊಡಗಿದಳು. ಗೊಂಬೆಗಳು ಅಷ್ಟು ದಿನದಿಂದ ಬಾಕಿ ಉಳಿದಿದ್ದ ಮಾತನ್ನೆಲ್ಲ ಆಡಿಕೊಂಡವು.

ಮೊಮ್ಮಗಳು ಕಣ್ಣೊರೆಸಿಕೊಂಡು, ತಕ್ಷಣವೇ ಕಿಸಕ್ಕನೆ ನಕ್ಕಳು.

“ಅಜ್ಜಿ, ಇದು ನೀನು, ಮತ್ತೆ ಕೆಳಗಿನ ಮನೆ ಒಬಾಚಾನ್!”

ಏಳು ಬಗೆ. ಊದಿದ ಹೆಬ್ಬೆರಳು. ಇನ್ನೂ ರೆಡಿ ಆಗಿಲ್ಲ. ಮೂವತ್ತೈದು ವರ್ಷ ರೋಗಿಯ ಮುಖ ನೋಡಿ ನೋವು ಎಲ್ಲಿದೆ ಎಂದು ಹೇಳುತ್ತಿದ್ದವಳಿಗೆ ಇದು ಹೊಳೆಯಲು ಕಾರ್ಟೂನು ಬೇಕಾಯಿತು.

“ಚಪ್ಪಲಿ ಹಾಕ್ಕೋ,” ಎಂದೆ. ನನ್ನ ಪೆಟ್ಟಿಗೆಯಿಂದ ಕ್ರೇಪ್ ಬ್ಯಾಂಡೇಜ್ ತೆಗೆದುಕೊಂಡೆ. ಒಂಬತ್ತು ಹತ್ತಕ್ಕೆ ನಾವು ಅವರ ಬಾಗಿಲಲ್ಲಿದ್ದೆವು.

ಬಾಗಿಲು ತೆಗೆದವರು ಗಾಬರಿಯಾಗಿ ಬಗ್ಗಿದರು. ಒಳಗೆ ಮೇಜಿನ ಮೇಲೆ ನನ್ನ ಆರನೇ ಡಬ್ಬಿ ಕನ್ನಡಿಯಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಒಂದು ದೊಡ್ಡ ಪಾತ್ರೆ ನೆನೆಹಾಕಿದ ಕೆಂಪು ಅಜುಕಿ ಕಾಳು, ಎಳ್ಳು ಅರೆಯುವ ಬಟ್ಟಲು, ಮರದ ಕೋಲು. ಅವರು ಒಂದೇ ಉಸಿರಿಗೆ ಬಹಳ ಹೊತ್ತು ಮಾತಾಡಿದರು.

“ಏನಂತೆ?”

“ನೀನು ಸೆವೆನ್ ಐಟಮ್ಸ್ ಕೊಟ್ಟೆ. ಅವರು ಮೂರೇ ಮಾಡಿರೋದು. ಕೈ ಬರ್ತಿಲ್ಲ.”

“ಅಷ್ಟುದ್ದ ಹೇಳಿದ್ರಲ್ಲ?”

“ಬಾಕಿ ಎಲ್ಲಾ ಸಾರಿ, ಅಜ್ಜಿ.”

ಅವರನ್ನು ಕುರ್ಚಿಯಲ್ಲಿ ಕೂರಿಸಿ ಕೈ ನೋಡಿದೆ. ಹೆಬ್ಬೆರಳನ್ನು ಮಡಿಸಿದರೆ ನೋವು, ತಿರುಗಿಸಿದರೆ ನೋವು. ಎಳ್ಳು ಅರೆದೂ ಅರೆದೂ ಆದದ್ದು. ಬಿಗಿಯಾಗದಂತೆ ಬ್ಯಾಂಡೇಜ್ ಸುತ್ತಿದೆ. “ನಾಳೆ ಡಾಕ್ಟ್ರಿಗೆ ತೋರಿಸ್ಬೇಕು, ಅಲ್ಲೀವರೆಗೂ ಈ ಕೈಯಲ್ಲಿ ಒಂದು ಚಮಚಾನೂ ಎತ್ತಬಾರ್ದು ಅಂತ ಹೇಳು,” ಎಂದೆ. ಮೊಮ್ಮಗಳು ಹೇಳಿದಳು. ಅವರು “ಹಾಯ್” ಎಂದರು, ಆಗಲಿ ಎಂದು. ವಾರ್ಡಿನಲ್ಲಿ ಅಷ್ಟು ವಿಧೇಯ ರೋಗಿ ನನಗೆ ಸಿಕ್ಕಿದ್ದಿಲ್ಲ.

ಆಮೇಲೆ ನಾನು ಡಬ್ಬಿಯನ್ನು ಕಂಕುಳಿಗೇರಿಸಿ, “ಇದನ್ನ ಖಾಲಿಯಾಗೇ ತಗೊಂಡು ಹೋಗ್ತೀನಿ,” ಎಂದೆ. ಹಾಗೆ ಹೇಳುವಾಗ ನಾಲಿಗೆ ತಡವರಿಸಿತು.

“ದಾಮೆ!” ಎಂದು ಅವರು ಎದ್ದೇಬಿಟ್ಟರು. ಕೂಡದು ಎಂದು. ವಿಧೇಯತೆ ಅಲ್ಲಿಗೆ ಮುಗಿಯಿತು. ಎಡಗೈಯಲ್ಲಿ ಒಂದು ಚೆಸ್ಟ್‌ನಟ್ ತೆಗೆದು ಡಬ್ಬಿಗೆ ಹಾಕಿದರು. ನಾನು ತೆಗೆದು ಮೇಜಿನ ಮೇಲಿಟ್ಟೆ. ಅವರು ಮತ್ತೆ ಹಾಕಿದರು. ನಾನು ಮತ್ತೆ ತೆಗೆದೆ. ಮೂರನೇ ಸಲ ಅದು ಇಬ್ಬರ ಕೈಯಿಂದಲೂ ಜಾರಿ ಮೇಜಿನ ಕೆಳಗೆ ಉರುಳಿತು. ಮೊಮ್ಮಗಳು ನೆಲದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳನ್ನು ನೋಡಿ ಅವರಿಗೆ ನಗು, ಅವರನ್ನು ನೋಡಿ ನನಗೆ. ಇಬ್ಬರು ಮುದುಕಿಯರು ಡಬ್ಬಿಯ ಎರಡು ಬದಿ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಗು ಇಳಿದ ಮೇಲೆ ನಾನು ತೀರ್ಮಾನ ಹೇಳಿದೆ. “ಡಬ್ಬಿ ಈ ಮನೇಲೇ ಇರತ್ತೆ. ಇನ್ಮೇಲೆ ಅಡಿಗೆ ಇಲ್ಲೇ ಮಾಡೋದು, ಇಬ್ರೂ ಸೇರಿ. ಇಲ್ಲೇ ತಿನ್ನೋದು. ಯಾವ ಪಾತ್ರೆನೂ ಮೆಟ್ಟಿಲು ಹತ್ತಬಾರ್ದು, ಇಳೀಬಾರ್ದು.”

ಮೊಮ್ಮಗಳು ಹೇಳಿ ಮುಗಿಸಿದಳು. ಅವರು ಯೋಚಿಸಿ ಒಂದೇ ಪ್ರಶ್ನೆ ಕೇಳಿದರು.

“ಯಾವ ದಿನ, ಎಷ್ಟು ಗಂಟೆಗೆ ಅಂತ ಕೇಳ್ತಿದ್ದಾರೆ.”

ಅಲ್ಲಿಗೆ ನಾವು ಒಂದೇ ಜಾತಿಯವರೆಂದು ಖಚಿತವಾಯಿತು. ಮಂಗಳವಾರ ಮತ್ತು ಶುಕ್ರವಾರ, ಸಂಜೆ ನಾಲ್ಕಕ್ಕೆ. ಅವರು ಎಡಗೈಯಲ್ಲೇ ಸೊಟ್ಟಸೊಟ್ಟವಾಗಿ ಬರೆದು ಫ್ರಿಜ್ಜಿಗೆ ಅಂಟಿಸಿದರು.

ಮಂಗಳವಾರ ನಾಲ್ಕಕ್ಕೆ ನಾನು ಬೆಲ್ಲ, ಮೈದಾ ಹಿಡಿದು ಇಳಿದೆ. ಡಾಕ್ಟರು ಎರಡು ವಾರ ವಿಶ್ರಾಂತಿ ಹೇಳಿದ್ದರಂತೆ. ಅವರು ಕುರ್ಚಿಯಲ್ಲಿ ಕೂತು ನಿರ್ದೇಶನ ಕೊಟ್ಟರು, ನಾನು ಅವರ ಅಜುಕಿ ಕಾಳು ಬೇಯಿಸಿದೆ. ನೀರು ಬಸಿದು ಬೆಲ್ಲ ಹಾಕಿ ಕೆದಕುವಾಗ ಮೂಗಿಗೆ ಬಂದದ್ದು ಅಪ್ಪಟ ಹೂರಣದ ವಾಸನೆ. ನಾನು ಒಂದು ಚಿಟಿಕೆ ಏಲಕ್ಕಿ ಹಾಕಿದೆ, ಅವರು ಒಂದು ಚಿಟಿಕೆ ಉಪ್ಪು. ಹೂರಣವನ್ನು ನಾನು ಕೈಯಂದಾಜಿನಲ್ಲಿ ಉಂಡೆ ಕಟ್ಟಿದರೆ, ಅವರು ಒಂದೊಂದನ್ನೂ ತಕ್ಕಡಿಯ ಮೇಲಿಟ್ಟು ತೂಗಿದರು. ಆರನೆಯ ಉಂಡೆ ಎರಡು ಗ್ರಾಂ ಹೆಚ್ಚಿತ್ತು. ತಲೆಯಾಡಿಸಿ ವಾಪಸ್ ಕೊಟ್ಟರು. ನಾನು ಚಿವುಟಿ ಸರಿಮಾಡಿದೆ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅಡಿಗೆಮನೆ ಬಿಟ್ಟು ಹೊರಟುಬಿಡುತ್ತಿದ್ದೆ.

ಬಿಸಿ ಹೋಳಿಗೆಯ ಮೇಲೆ ಅವರ ಮನೆಯ ಬೆಣ್ಣೆ. ಶಾಲೆಯಿಂದ ಬಂದ ಮೊಮ್ಮಗಳು ಚೀಲವನ್ನೂ ಕೆಳಗಿಡದೆ ಮೂರು ತಿಂದಳು. ಅವರು ಎಡಗೈಯಲ್ಲಿ ಎರಡು ತಿಂದರು. ನಾನು ಅಭ್ಯಾಸಬಲದಿಂದ ಮೂರನೆಯದನ್ನು ಅವರ ತಟ್ಟೆಯ ಕಡೆ ಒಯ್ದೆ. ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಸ್ಪಷ್ಟವಾಗಿ ಹೇಳಿದರು:

“ಸಾಕು, ಅಜ್ಜಿ-ಸಾನ್.”

ನಾನು ಮೊಮ್ಮಗಳನ್ನು ನೋಡಿದೆ.

“ನಾನೇ ಹೇಳ್ಕೊಟ್ಟೆ,” ಎಂದಳು ಬಾಯಿತುಂಬ ಹೋಳಿಗೆ ಇಟ್ಟುಕೊಂಡು. “ನೀನು ಹಾಕ್ತಾನೇ ಇರ್ತೀಯ ಅಂತ.”

ಸಾಕು ಎಂದವರಿಗೆ ನಾನು ಬಡಿಸದೆ ಬಿಟ್ಟದ್ದು ಆವತ್ತೇ ಮೊದಲು. ಹೋಳಿಗೆಯನ್ನು ಕಾವಲಿಯ ಮೇಲೆ ವಾಪಸ್ ಇಟ್ಟೆ. ಅವರು ಕೈ ಒರೆಸಿಕೊಂಡು, ಬ್ಯಾಂಡೇಜನ್ನು ತೋರಿಸುತ್ತ ಮೊಮ್ಮಗಳ ಹತ್ತಿರ ಏನೋ ಕೇಳಿದರು.

“ಅಜ್ಜಿ, ನಾಳೆ ಆರೂವರೆಗೆ ಪಾರ್ಕಿಗೆ ಬರ್ತಾರಂತೆ. ಕೈ ಎತ್ತಬಹುದಾ ಅಂತ ಕೇಳ್ತಿದ್ದಾರೆ.”

“ಎಡಗೈ ಮಾತ್ರ,” ಎಂದೆ.