ಅಕ್ಕ ಸೆರಗು ಸರಿಸಿದ ಬೆಳಗು

ಮೊನ್ನೆ ಕೊಡೆ ಹುಡುಕಲು ಅಲಮಾರಿಯ ಮೇಲಿನ ಖಾನೆಗೆ ಕೈಹಾಕಿದರೆ ಕ್ಯಾಮೆರಾ ಚೀಲ ಸಿಕ್ಕಿತು. ಜಿಪ್ಪು ಎಳೆದೊಡನೆ ಮುಗ್ಗಲು ವಾಸನೆ. ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿತ್ತು. ಒಂದು ಕಾಲಕ್ಕೆ ಇದರ ಮೇಲೆ ಧೂಳಿನ ಕಣ ಕೂತರೂ ಮನೆಮಂದಿಯ ಮೇಲೆಲ್ಲ ಹಾರಾಡುತ್ತಿದ್ದವನು ನಾನು. ಈಗ ಸುಮ್ಮನೆ ಜಿಪ್ಪು ಮುಚ್ಚಿದೆ.

ನಲವತ್ತೆಂಟನೆಯ ವಯಸ್ಸಿಗೆ ಬೇರೆಯವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ನನಗೆ ಫೋಟೋ ಹುಚ್ಚು ಬಂತು. ಹಡಗಲಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರು ನಾನು. ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟಿದ್ದ ವೀರೇಶ ತನ್ನ ಹಳೆಯ ಕ್ಯಾಮೆರಾ ಕೊಟ್ಟ, ಗುರುವೂ ಆದ. "ಅಪರ್ಚರ್ ಅಂದ್ರ ಕಣ್ಣಿನ ಪಾಪಿ ಇದ್ದಂಗ ನೋಡ್ರಿ ಸರ. ಬೆಳಕು ಕಡಿಮಿ ಇದ್ರ ಹಿಗ್ಗಿಸ್ರಿ, ಜಾಸ್ತಿ ಇದ್ರ ಕುಗ್ಗಿಸ್ರಿ" ಎಂದ. ಅದೇನೋ ತಿಳಿಯಿತು. ಆದರೆ ಲೆನ್ಸಿನ ಮೇಲಿನ ಅಂಕಿ ಸಣ್ಣದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು ಎಂಬುದನ್ನು ಒಪ್ಪಲು ನನಗೆ ಹದಿನೈದು ದಿನ ಹಿಡಿಯಿತು. ಅದು ಭಿನ್ನರಾಶಿಯ ಛೇದ ಎಂದು ಹೊಳೆದಾಗ ನಾಚಿಕೆಯಾಯಿತು. ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇ ಅದನ್ನಲ್ಲವೇ!

ಭಾನುವಾರ ಬಂದರೆ ಬಾಗಳಿಯ ಬಸ್ಸು ಹತ್ತುತ್ತಿದ್ದೆ. ಅಲ್ಲಿನ ಹಳೆಯ ಗುಡಿಯ ಕಂಬಗಳ ಫೋಟೋ ನಾನು ತೆಗೆದ ಪರಿ ನೋಡಿ ನನ್ನ ಹೆಂಡತಿ, "ಗುಡಿ ಬೀಳಾಕ ಹತ್ತೈತೇನ್ರಿ?" ಎಂದು ಕೇಳಿದಳು. ವಾಲಿದ ಗುಡಿಯನ್ನು ನೆಟ್ಟಗೆ ನಿಲ್ಲಿಸಬೇಕೆಂದೇ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನು ಕಲಿತೆ. ಗುಡಿ ನೆಟ್ಟಗಾಯಿತು. ಆಮೇಲೆ ಆಕಾಶದಲ್ಲಿದ್ದ ಕರೆಂಟಿನ ತಂತಿ ಅಳಿಸಿದೆ, ಮೆಟ್ಟಿಲ ಮೇಲೆ ಮಲಗಿದ್ದ ಆಡನ್ನೂ ಅಳಿಸಿದೆ. ಅಳಿಸುವುದರಲ್ಲಿ ಒಂದು ಸುಖವಿದೆ, ನಿಮಗೆ ಗೊತ್ತೇ? ಬೇಡದ ಕಡೆ ಒತ್ತಿದರೆ ಸಾಕು, ಪಕ್ಕದ ಕಲ್ಲೇ ಬಂದು ಅಲ್ಲಿ ತುಂಬಿಕೊಳ್ಳುತ್ತದೆ. "ಅಸಲಿ ಫೋಟೋ ಮುಟ್ಟಬ್ಯಾಡ್ರಿ ಸರ, ನಕಲು ಮಾಡಿಕೊಂಡು ಅದರ ಮ್ಯಾಲೆ ಏನರ ಮಾಡ್ರಿ" ಎಂದು ವೀರೇಶ ಹೇಳಿದ್ದ. ನನ್ನ ಪಾಠಕ್ಕೆ ಹುಡುಗರು ತಲೆಯಾಡಿಸುವಂತೆ ನಾನೂ ತಲೆಯಾಡಿಸಿದ್ದೆ.

ಅಕ್ಕನ ವಿಷಯ ಹೇಳಬೇಕು. ನನಗಿಂತ ಎಂಟು ವರ್ಷ ದೊಡ್ಡವಳು. ಹದಿಮೂರನೆಯ ವಯಸ್ಸಿಗೆ ಅವಳ ಬಲಗೆನ್ನೆಯ ಮೇಲೆ ತೊನ್ನು ಕಾಣಿಸಿಕೊಂಡು ಕಿವಿ, ಕತ್ತಿನವರೆಗೆ ಇಳಿಯಿತು. ನೋಡಲು ಬಂದ ಗಂಡುಗಳು ಅವಲಕ್ಕಿ ತಿಂದು ಹೋದರು. ಅಕ್ಕ ನಮ್ಮ ಜೊತೆಯಲ್ಲೇ ಉಳಿದಳು. ಬೆಳಗಾದರೆ ತೋಟದಿಂದ ಬಂದ ಮಲ್ಲಿಗೆ ಮೊಗ್ಗು ಕಟ್ಟಲು ಕೂರುತ್ತಾಳೆ. ತಲೆಯ ಮೇಲಿಂದ ಎಳೆದ ಸೆರಗು ಬಲಗೆನ್ನೆಯನ್ನು ಮುಚ್ಚಿ ಹೆಗಲಿಗೆ ಇಳಿದಿರಬೇಕು. ಮನೆಯೊಳಗೂ ಅಷ್ಟೇ, ನನ್ನ ಮುಂದೆಯೂ ಅಷ್ಟೇ. ಅವಳದೊಂದು ಫೋಟೋ ನಮ್ಮ ಮನೆಯಲ್ಲಿ ಇರಲಿಲ್ಲ.

ಒಂದು ಬೆಳಗ್ಗೆ ಬಾಗಿಲಲ್ಲಿ ಎಳೆಬಿಸಿಲು ಬಿದ್ದಿತ್ತು. ಅಕ್ಕ ಮೊಗ್ಗಿನ ರಾಶಿಯ ಮುಂದೆ ಕೂತಿದ್ದಳು. ನಾನು ಕ್ಯಾಮೆರಾ ಹಿಡಿದು ಎದುರಿಗೆ ಕುಕ್ಕರಿಸಿದೆ.

"ನಂದ್ಯಾತಕ್ಕಲೇ ತಮ್ಮಾ? ಅಲ್ಲಿ ಗುಬ್ಬಿ ಕುಂತೈತಿ, ಅದನ್ನ ತಗಿ."

"ಸುಮ್ಮನ ಕುಂದ್ರಕ್ಕಾ. ಇದ್ದಂಗ ತಗೀತೀನಿ."

ಅವಳ ಕೈ ನಿಂತಿತು. "ಇದ್ದಂಗ?"

"ಇದ್ದಂಗ."

ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ನಾರು ಹಿಡಿದ ಕೈಯಿಂದಲೇ ಸೆರಗನ್ನು ಹಿಂದಕ್ಕೆ ಸರಿಸಿ, ಮತ್ತೆ ಮೊಗ್ಗು ಕಟ್ಟತೊಡಗಿದಳು. ಬೆಳಕು, ಫೋಕಸ್ಸು ಎಲ್ಲ ಅವತ್ತು ತಾವಾಗಿಯೇ ಕೂಡಿ ಬಂದವು. ಜೀವಮಾನದಲ್ಲಿ ನಾನು ತೆಗೆದ ಒಂದೇ ಒಂದು ಒಳ್ಳೆಯ ಫೋಟೋ ಅದು.

ಅಷ್ಟಕ್ಕೇ ಬಿಡಬೇಕಿತ್ತು. ಬಿಡಲಿಲ್ಲ. ಅಕ್ಕನಿಗೊಂದು ಉಡುಗೊರೆ ಕೊಡಬೇಕೆನಿಸಿತು. ಮೂರು ಸಂಜೆ ಕೂತು, ಒಂದೊಂದು ಬಿಳಿ ಮಚ್ಚೆಯನ್ನೂ ದೊಡ್ಡದು ಮಾಡಿಕೊಂಡು, ಎಡಗೆನ್ನೆಯ ಬಣ್ಣ ತಂದು ತುಂಬಿದೆ. ನನ್ನ ಕೈಚಳಕಕ್ಕೆ ನಾನೇ ಬೆರಗಾದೆ. ಚೌಕಟ್ಟು ಹಾಕಿಸಿ ಅವಳ ಕೈಗಿಟ್ಟೆ.

ಬಹಳ ಹೊತ್ತು ನೋಡಿದಳು. "ಚಲೋ ಅದಾಳ. ಯಾರಿಕಿ?"

ತಮಾಷೆ ಎಂದುಕೊಂಡು ನಕ್ಕೆ. "ನೀನಽ ಅಕ್ಕಾ."

"ಇದ್ದಂಗ ತಗೀತೀನಿ ಅಂದಿದ್ದಿ."

ಅವಳು ಜೋರು ಮಾಡಲಿಲ್ಲ, ಅಳಲಿಲ್ಲ. ಫೋಟೋವನ್ನು ಟ್ರಂಕಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟು, "ಮಂದಿ ಕಣ್ಣಿಗೆ ಹೇಸಿಕಿ ಆಗತೈತಿ ಅಂತ ಗೊತ್ತಿತ್ತು ತಮ್ಮಾ. ನಿನ್ನ ಕಣ್ಣಿಗೂ ಅಂತ ಗೊತ್ತಿದ್ದಿಲ್ಲ" ಎಂದಳು.

ಅಸಲಿ ಫೋಟೋ ಹುಡುಕಲು ಕಂಪ್ಯೂಟರಿಗೆ ಓಡಿದೆ. ತಿದ್ದಿದ್ದನ್ನು ಅದೇ ಹೆಸರಿನಲ್ಲಿ ಅಸಲಿನ ಮೇಲೆಯೇ ಉಳಿಸಿದ್ದೆ. ಕ್ಯಾಮೆರಾದ ಕಾರ್ಡನ್ನು ಆಮೇಲಿನ ಭಾನುವಾರ ಮತ್ತೆ ಬಾಗಳಿಗೆ ಹೋಗುವ ಮುಂಚೆ ಖಾಲಿ ಮಾಡಿದ್ದೆ. ಕಾರ್ಡು ಹಿಡಿದುಕೊಂಡು ವೀರೇಶನ ಹತ್ತಿರ ಹೋದೆ. ಅವನು ಅಳಿಸಿದ್ದನ್ನು ಹುಡುಕಿ ಕೊಡುವ ಅದೇನೋ ಹಾಕಿ ಎರಡು ದಿನ ಒದ್ದಾಡಿದ. ಅರ್ಧ ಕಂಬ ಸಿಕ್ಕಿತು, ಆಡು ಸಿಕ್ಕಿತು. "ಅಕ್ಕಾರ ಫೋಟೋ ಇಲ್ಲ ಸರ. ಅದರ ಮ್ಯಾಲೆ ಬ್ಯಾರೆವು ಕುಂತುಬಿಟ್ಟಾವ" ಎಂದು ಕಾರ್ಡನ್ನು ನನ್ನ ಅಂಗೈಯಲ್ಲಿಟ್ಟ.

"ಇನ್ನೊಂದು ಸಲ ಕುಂದ್ರಕ್ಕಾ" ಎಂದು ಕೇಳಿದೆ. ನಾಚಿಕೆ ಬಿಟ್ಟು ಎಷ್ಟು ಸಲ ಕೇಳಿದೆನೋ. ಒಮ್ಮೆಯೂ ಇಲ್ಲ ಎನ್ನಲಿಲ್ಲ ಅವಳು. "ಹೂವು ಬಾಡತಾವ, ಹೋಗು" ಎನ್ನುತ್ತಿದ್ದಳು, ಅಷ್ಟೇ. ಅವಳ ಸೆರಗಿಗೆ, ಕಿವಿಯ ಹತ್ತಿರ, ಒಂದು ಪಿನ್ನು ಬಂತು. ನಾನು ಫೋಟೋ ತೆಗೆಯುವುದನ್ನು ಬಿಟ್ಟೆ. ಬಿಟ್ಟದ್ದರಿಂದ ಅವಳಿಗೇನೂ ಆಗಬೇಕಾದ್ದಿರಲಿಲ್ಲ.

ಆರು ವರ್ಷವಾಯಿತು. ಹೋದ ತಿಂಗಳು ಅಕ್ಕನ ಬಲಗಣ್ಣಿನ ಪೊರೆ ತೆಗೆಸಿದೆವು. ಹೆಂಡತಿ ಮಗಳ ಬಾಣಂತನಕ್ಕೆ ಕೊಟ್ಟೂರಿಗೆ ಹೋಗಿದ್ದಾಳೆ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಕ್ಕ ಮಂಚದ ಮೇಲೆ ಅಂಗಾತ ಮಲಗಿ, ಕೆನ್ನೆಯ ಮೇಲೆ ಸೆರಗನ್ನು ಅಂಗೈಯಿಂದ ಒತ್ತಿ ಹಿಡಿದು, ಕಣ್ಣೊಂದನ್ನೇ ತೆರೆಯುತ್ತಾಳೆ. ಆ ಬಟ್ಟೆಯ ಕೆಳಗಿನ ಮಚ್ಚೆಗಳನ್ನು ಮೂರು ಸಂಜೆ ಕಣ್ಣಿಟ್ಟು ನೋಡಿದವನು ನಾನು. ಅವುಗಳ ಆಕಾರ ಹೇಗಿತ್ತೆಂದು ಈಗ ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ. ನೋಡಿದ್ದು ಅಳಿಸಲಿಕ್ಕೆ ಮಾತ್ರ, ನೆನಪಿಡಲಿಕ್ಕಲ್ಲ.

ಇವತ್ತು ಬೆಳಗ್ಗೆ ಸೀಸೆ ಒತ್ತಿದ್ದು ಹೆಚ್ಚಾಗಿ ಎರಡು ಹನಿ ಬಿದ್ದವು. ಒಂದು ಕಣ್ಣ ತುದಿಯಿಂದ ಜಾರಿ ಸೆರಗಿನೊಳಗೆ ಇಳಿಯಿತು. ನಾನು ಹತ್ತಿ ತೆಗೆದುಕೊಂಡು ಬಾಗಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಗಟ್ಟಿಯಾಗೇನಲ್ಲ.

"ಇಲ್ಲಿ ಕೊಡು. ನಾನಽ ಒರಸ್ಕೊಂತೀನಿ."

ಹತ್ತಿ ಇಸಿದುಕೊಂಡು ಗೋಡೆಯ ಕಡೆ ಮಗ್ಗುಲಾದಳು. ಪಿನ್ನು ಬಿಚ್ಚಿದ ಸಣ್ಣ ಸದ್ದು ಕೇಳಿಸಿತು. ನಾನು ಬಾಗಿಲಿಗೆ ಬಂದು, ಆಚೆ ಮುಖ ಮಾಡಿ ನಿಂತೆ.