ಉಸ್ತಾ ಬರಾತ್‌ಅಲಿಯ ಕ್ಷೇಮ ಸಮಾಚಾರ

ನಿಶಾಪುರದಲ್ಲಿ ಜೋಡು ಹೊಲಿಯುವ ಉಸ್ತಾ, ಅಂದರೆ ಕಸುಬಿನ ಮೇಸ್ತ್ರಿ, ಬರಾತ್‌ಅಲಿಯಷ್ಟು ಮರ್ಯಾದಸ್ಥ ಇನ್ನೊಬ್ಬನಿರಲಿಲ್ಲ. ಮನೆಗೆ ಬೆಂಕಿ ಬಿದ್ದಿರುವಾಗ ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೂ ಎದೆಯ ಮೇಲೆ ಕೈಯಿಟ್ಟು, "ತಮ್ಮ ನೆರಳಿನಲ್ಲಿ ಯಾವ ದೂರೂ ಇಲ್ಲ" ಎಂದು ಬಾಗುವ ಪೈಕಿ. ಊರಿನಲ್ಲಿ ಎಲ್ಲರೂ ಹೀಗೆಯೇ. ಇವನದು ಸ್ವಲ್ಪ ಅತಿ, ಅಷ್ಟೆ.

ಮೊಹರಂನಲ್ಲಿ ಪುಣ್ಯ ಕಟ್ಟಿಕೊಳ್ಳಲೆಂದು ರಕ್ತ ಕೊಟ್ಟುಬಂದಿದ್ದ. ರಕ್ತನಿಧಿಯವರು ಕರೆಸಿ, ಇನ್ನುಮುಂದೆ ತಮ್ಮ ರಕ್ತ ತಮ್ಮಲ್ಲೇ ಇರಲಿ ಎಂದು ಬಲು ವಿನಯದಿಂದ ಹೇಳಿದರು. ನಿಶಾಪುರ ಇರುವ ಖೊರಾಸಾನ್ ಸೀಮೆಯ ಎಷ್ಟೋ ಮನೆಗಳಲ್ಲಿ ತಾಯಿಯ ಹಾಲಿನ ಜೊತೆಗೇ ಇಳಿದುಬರುವ ಒಂದು ವೈರಸ್ಸು ಅವನ ಮೈಯಲ್ಲೂ ಇತ್ತು. ಹೆಚ್ಚಿನವರಿಗೆ ಅದು ಸಾಯುವ ತನಕ ಏನೂ ಮಾಡುವುದಿಲ್ಲ. ಕೆಲವರಿಗೆ ಮಾತ್ರ ಬೆನ್ನುಹುರಿಗೆ ಕೈಹಾಕಿ ಕಾಲನ್ನು ಕಟ್ಟಿಹಾಕುತ್ತದೆ. ಹೆಂಡತಿ ಮಾಹ್‌ಸುಲ್ತಾನಳ ರಕ್ತದಲ್ಲೂ ಅದೇ ಸಿಕ್ಕಿತು. ವೈರಸ್ಸಿನ ಪ್ರಮಾಣ ಎಷ್ಟೆಂದು ಅಳೆಸಬೇಕು ಎಂದಾಗ ಅವಳು, "ಮೊದಲು ಇವರದ್ದಾಗಲಿ" ಎಂದು ಹಿಂದೆ ಸರಿದಳು.

ಇವನ ಪ್ರಮಾಣ ಬಹಳ ಹೆಚ್ಚು ಬಂತು. ಡಾಕ್ಟರ್ ತವಕ್ಕುಲಿ ಬಿಡಿಸಿ ಹೇಳಿದರು: ಕಾಲು ಬಿಗಿದರೆ, ಮೂತ್ರಕ್ಕೆ ಪದೇ ಪದೇ ಏಳಬೇಕಾದರೆ ಕೂಡಲೇ ತಿಳಿಸಬೇಕು. ಬೇಗ ಹಿಡಿದರೆ ಸ್ವಲ್ಪ ತಡೆಯಬಹುದು, ಹೋದ ಕಾಲು ಮಾತ್ರ ವಾಪಸು ಬರುವುದಿಲ್ಲ.

"ಕಾಲು ಹೇಗಿದೆ, ಉಸ್ತಾ?"

"ತಮ್ಮ ನೆರಳಿನಲ್ಲಿ ಯಾವ ದೂರೂ ಇಲ್ಲ. ತಾವು ಹೇಗಿದ್ದೀರಿ? ಮನೆಯಲ್ಲಿ ಎಲ್ಲರೂ ಸೌಖ್ಯವೇ?"

ಡಾಕ್ಟರೂ ಅದೇ ಮಣ್ಣಿನವರು. ತಮ್ಮ ಕ್ಷೇಮವನ್ನೂ ಹೇಳಿದರು. ಇಬ್ಬರೂ ಪರಮ ಆರೋಗ್ಯವಂತರಾಗಿ ಬೀಳ್ಕೊಂಡರು.

ಬರಾತ್‌ಅಲಿಯ ಕಾಲು ಆಗಲೇ ನೆಲ ಕೆರೆಯುತ್ತಿತ್ತು. ಬೂಟಿನ ಮೂತಿ ಸವೆದಾಗಲೆಲ್ಲ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ತೇಪೆ ಹಾಕಿ, ಪಾಲಿಶ್ ಹೊಡೆದು, ಮಾನ ಉಳಿಸಿಕೊಳ್ಳುತ್ತಿದ್ದ. ಕೈಕಸುಬು ಇದ್ದವನಿಗೆ ಕಾಯಿಲೆ ಮುಚ್ಚುವುದು ಎಷ್ಟು ಸುಲಭ!

ಆದರೆ ಮಾಹ್‌ಸುಲ್ತಾನ್ ಬಿಡುವವಳಲ್ಲ. "ಗಳಿಗೆಗೊಮ್ಮೆ ಬಚ್ಚಲಿಗೆ ಓಡ್ತೀರಿ. ಡಾಕ್ಟ್ರ ಮುಂದೆ ನಾಲಿಗೆಗೆ ಲಕ್ವಾ ಹೊಡೆಯುತ್ತಾ?"

"ದೊಡ್ಡ ಮನುಷ್ಯರು ಕಣೇ. ಹೋದ ತಕ್ಷಣ ಉಚ್ಚೆ ವಿಷಯ ಎತ್ತೋಕಾಗುತ್ತಾ?"

"ಎಲ್ಲಾದ್ರೂ ಉಂಟೇ? ಮೊದಲು ಪಿಸ್ತಾ ಕೊಡಿ, ಜೊತೆಗೆ ಕೂತು ಚಹಾ ಕುಡೀರಿ, ಅವರ ಮೊಮ್ಮಗನ ಮದುವೆ ಮುಗಿಸಿ. ಆಮೇಲೆ ನಿಧಾನವಾಗಿ ಎತ್ತಿ."

"ನಿನ್ನ ಕಾಲು ಹೇಗಿದೆ?"

"ನನಗೇನು ಧಾಡಿ? ಗುಂಡುಕಲ್ಲಿನ ಹಾಗಿದೀನಿ."

ಮುಂದಿನ ಸಲ ಇವನ ಬಣ್ಣ ಬಯಲು ಮಾಡಿಯೇ ಬಿಡುವುದೆಂದು ಅವಳೂ ಜೊತೆಗೆ ಹೊರಟಳು. ಅವಳಿಗೆ ಆ ಕಷ್ಟ ಬೀಳಲಿಲ್ಲ. ಕೋಣೆಯ ಬಾಗಿಲಲ್ಲೇ ಡಾಕ್ಟರ್ ಎದುರಾದರು.

"ದಯಮಾಡಿಸಿ, ಉಸ್ತಾ."

"ಛೆ ಛೆ, ತಾವು ಮೊದಲು."

"ಹಿರಿಯರು ನೀವು. ನಾನು ಮುಂದೆ ಹೋಗೋದುಂಟೇ?"

ಹಿಂದೆ ನಿಂತಿದ್ದ ರೋಗಿಗಳೆಲ್ಲ ಈ ಸೌಜನ್ಯವನ್ನು ಕಣ್ತುಂಬ ನೋಡಿದರು. ಕೊನೆಗೆ ಬರಾತ್‌ಅಲಿಯೇ ಸೋತು ಹೊಸಿಲು ದಾಟಲು ಹೊರಟ. ಬಲಗಾಲು ಏಳಲಿಲ್ಲ. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತ. ಮುಖದ ಮೇಲಿನ ನಗು ಮಾತ್ರ ಹಾಗೇ ಇತ್ತು.

ಡಾಕ್ಟರ್ ಅವನ ಕಾಲನ್ನೇ ನೋಡಿದರು. "ಇದು ಯಾವಾಗಿನಿಂದ?"

"ತಮ್ಮ ನೆರಳಿನಲ್ಲಿ..." ಎದೆಯ ಮೇಲಿಡಲು ಎತ್ತಿದ ಕೈ ಮತ್ತೆ ಚೌಕಟ್ಟನ್ನೇ ಹಿಡಿಯಿತು. "ಕಾಲು ಬರ್ತಿಲ್ಲ ಡಾಕ್ಟ್ರೇ. ಭಯ ಆಗ್ತಿದೆ."

ಅವರು ತೋಳು ಹಿಡಿದು ಒಳಗೆ ಕರೆತಂದು ಕೂರಿಸಿದರು. "ಅಂತೂ ಬಾಯಿ ಬಂತು," ಎಂದು ಮಾಹ್‌ಸುಲ್ತಾನ್ ಮೂಗು ಮುರಿದಳು. ಕಣ್ಣು ತುಂಬಿದ್ದು ಕಾಣಬಾರದೆಂದು ಗೋಡೆಯ ಕಡೆ ತಿರುಗಿದಳು.

ಡಾಕ್ಟರ್ ಅವಳತ್ತ ತಿರುಗಿದರು. "ಖಾನಂ, ನಿಮ್ಮ ವೈರಸ್ಸಿನ ಪ್ರಮಾಣ ಇನ್ನೂ ಅಳೆಸಿಲ್ಲ. ಕಾಲು ಹೇಗಿದೆ?"

ಅವಳು ಮೈತುಂಬ ಹೊದ್ದಿದ್ದ ಚಾದರವನ್ನು ಪಾದ ಮುಚ್ಚುವ ಹಾಗೆ ಕೆಳಗೆಳೆದುಕೊಂಡು, ಎದೆಯ ಮೇಲೆ ಕೈಯಿಟ್ಟಳು. "ತಮ್ಮ ನೆರಳಿನಲ್ಲಿ ಯಾವ ದೂರೂ ಇಲ್ಲ."

ಹುಟ್ಟಿದಾಗಿನಿಂದ ಒಬ್ಬರ ಮಾತಿಗೆ ಅಡ್ಡ ಬಾರದ ಬರಾತ್‌ಅಲಿ ಮರ್ಯಾದೆ ಬಿಟ್ಟು ಕೂಗಿದ: "ಸುಳ್ಳು ಹೇಳ್ತಾಳೆ ಡಾಕ್ಟ್ರೇ! ಹೋದ ಚಳಿಗಾಲದಿಂದ ಇವಳ ಬೂಟಿನ ಮೂತಿಗೂ ನಾನೇ ತೇಪೆ ಹಾಕ್ತಿದೀನಿ."