ಶಂಕ್ರೆವ್ವ ಕೇಳಿದ ಕಾವಲು

ಮಸೂತಿ ಊರಿನ ಶಂಕ್ರೆವ್ವ ಕುರಿ ಕಾಯ್ದು ಬದುಕಿದವಳು. ಗಂಡ ಸತ್ತ ಮೇಲೆ ಮಗಳು ಮಾಲಾಳನ್ನು ಒಬ್ಬಳೇ ಬೆಳೆಸಿ, ಸಿಂದಗಿ ಕಡೆಯ ಕಲ್ಮೇಶನಿಗೆ ಕೊಟ್ಟಳು. ಹುಡುಗ ನೋಡಲು ಚೆಂದ, ಮಾತು ಬೆಲ್ಲ. ಅವನ ಮೊದಲ ಹೆಂಡತಿ ತವರಿಗೆ ಏಕೆ ಓಡಿಹೋದಳೆಂದು ಮದುವೆ ಕೂಡಿಸಿದ ಹಿರಿಯರು ಬಾಯಿ ಬಿಡಲಿಲ್ಲ.

ಕಲ್ಮೇಶ ಕುಡಿಯುವವನಲ್ಲ. ಹೊಡೆಯುವಾಗ ಸಿಟ್ಟೂ ಇರುತ್ತಿರಲಿಲ್ಲವಂತೆ. ಬಾಗಿಲಿಗೆ ಚಿಲಕ ಹಾಕಿ, ನಗುನಗುತ್ತ ಹೊಡೆಯುತ್ತಿದ್ದನಂತೆ. ಎರಡು ಸಲ ಹಿರಿಯರು ಅವನ ಕೈಗೆ ಭಂಡಾರ ಕೊಟ್ಟು ಆಣೆ ಮಾಡಿಸಿದರು. ದೇವರ ಮುಂದಿನ ಆ ಅರಿಸಿನ ಹಿಡಿದು ಆಡಿದ ಮಾತಿಗೆ ತಪ್ಪಿದರೆ ವಂಶ ಉಳಿಯದು ಎಂಬುದು ನಮ್ಮವರ ನಂಬಿಕೆ. ಎರಡು ಸಲವೂ ಕಣ್ಣೀರು ಹಾಕಿ ಭಂಡಾರ ಹಿಡಿದ. ಮೂರನೆಯ ಸಲ ಕೊಡಲಿ ಹಿಡಿದ. ಮಾಲಾಳ ಬಲಗೈ ಹೋಯಿತು, ಅವನು ಜೈಲಿಗೆ ಹೋದ.

ಹೋದ ವರ್ಷ ಪೆರೋಲ್ ಮೇಲೆ ಕೆಲವು ದಿನ ಹೊರಬರಲು ಅರ್ಜಿ ಹಾಕಿದ. ಅವನ ಕಾಕಾ ಸೋಮನಿಂಗನ ಮನೆ ಮಸೂತಿಯಲ್ಲಿ, ಮಾಲಾ ಈಗ ತಾಯಿಯ ಜೊತೆ ಇರುವ ಓಣಿಯಲ್ಲೇ. ಅಲ್ಲಿಯೇ ಇರುತ್ತೇನೆಂದು ಬರೆದಿದ್ದ. ಸುದ್ದಿ ಕೇಳಿದ ಮಾಲಾ ರೊಟ್ಟಿ ಮುಟ್ಟಲಿಲ್ಲ.

ಊರವರ ಒಪ್ಪಿಗೆ ಕೇಳಲು ಪೊಲೀಸ್ ಮೋದಿನಸಾಬ ಗುಡಿಕಟ್ಟೆಗೆ ಬಂದ. ಜೈಲಿನ ಡಾಕ್ಟರು ಹೇಳಿದ್ದನ್ನೂ ತಿಳಿಸಿದ. ಇದು ಗುಳಿಗೆಗೆ ಇಳಿಯುವ ಹುಚ್ಚಲ್ಲ, ಸ್ವಭಾವದಲ್ಲೇ ಬೇರುಬಿಟ್ಟ ರೋಗ. ಇನ್ನೊಬ್ಬರ ನೋವು ಅವನಿಗೆ ತಟ್ಟುವುದಿಲ್ಲ. ವರ್ಷಗಟ್ಟಲೆ ಕೂರಿಸಿ ಮಾತಾಡಿಸಿ ತಿದ್ದಬೇಕು, ಹೊರಗೆ ಬಿಟ್ಟರೆ ಸದಾ ಕಣ್ಣಿಟ್ಟಿರಬೇಕು.

ಹಿರಿಯರ ಕಿವಿಗೆ ಅದು ಬೀಳಲೇ ಇಲ್ಲ. ಜೈಲಿನಲ್ಲಿ ಭಜನೆ ಮಾಡುತ್ತಾನಂತೆ, ಕಂಡವರ ಕಾಲು ಮುಟ್ಟುತ್ತಾನಂತೆ ಎಂದರು. ಬಂದ ದಿನವೇ ಭಂಡಾರ ಹಿಡಿಸಿದರಾಯಿತು ಎಂದ ಸೋಮನಿಂಗ.

ಕಂಬದ ಹತ್ತಿರ ಕುಳಿತಿದ್ದ ಶಂಕ್ರೆವ್ವ ಎದ್ದಳು.

"ಮತ್ತ ಭಂಡಾರೇನ್ರಿ ಸೋಮನಿಂಗಣ್ಣ? ಅವನ ಕೈಯಾಗ ದೇವರಿಗೂ ಸಾಕಾಗೈತಿ."

"ಸಿಟ್ಟಿಲೆ ಮಾತಾಡಬ್ಯಾಡವ್ವ. ಅಂವ ಬದಲಾಗ್ಯಾನ."

"ಹಂಗಾರ ನಿಮ್ಮ ನಿಮ್ಮ ಹಾಸಿಗಿ ತರ್ರಿ. ಅಂವ ಊರಾಗ ಇರೂತನಕ ನಮ್ಮ ಹೊಸ್ತಿಲ ಮುಂದ ಪಾಳಿ ಹಚ್ಚಿ ಮಲಗ್ರಿ. ಕೊಡಲಿ ಬಂದ್ರ ಮೊದಲ ನಿಮಗ ತಾಗಲಿ. ಯಾರ್ಯಾರು ಬರ್ತೀರಿ, ಹೆಸರು ಹೇಳ್ರಿ. ಸಾಹೇಬ್ರು ಬರಕೋತಾರ."

ಮೋದಿನಸಾಬ ಪೆನ್ನು ತೆಗೆದು ಕಾದ. ಒಬ್ಬನಿಗೆ ಸೊಂಟನೋವು ನೆನಪಾಯಿತು. ಇನ್ನೊಬ್ಬನಿಗೆ ಹೊಲಕ್ಕೆ ಕಾಲುವೆ ನೀರು ಬಿಡುವುದಿತ್ತು. ತನಗೆ ಬಿ.ಪಿ. ಇದೆ ಎಂದ ಸೋಮನಿಂಗ.

"ಅಂವನ್ನ ನಂಬೂವಾಗ ಎಲ್ಲಿ ಹೋಗಿತ್ರಿ ಈ ಬಿ.ಪಿ.?"

ಬರೆಯಲು ಒಂದು ಹೆಸರೂ ಸಿಗಲಿಲ್ಲ. ಊರಿನ ಒಪ್ಪಿಗೆ ಇಲ್ಲವೆಂದು ಮೋದಿನಸಾಬ ಬರೆದುಕೊಂಡು ಹೋದ. ಪೆರೋಲ್ ಸಿಗಲಿಲ್ಲ. ಮಾಲಾ ಅಂದು ಉಂಡಳು. ಸೋಮನಿಂಗನ ಮನೆಯವರು ಮಾತು ಬಿಟ್ಟರು. ಬಿಟ್ಟರೆ ಬಿಡಲಿ.

ಆದರೆ ಶಿಕ್ಷೆ ಮುಗಿಯುವುದು ಬರುವ ವರ್ಷ. ಆಗ ಯಾರ ಒಪ್ಪಿಗೆಯೂ ಬೇಕಿಲ್ಲ. ಕಣ್ಣಿಡಬೇಕೆಂದು ಡಾಕ್ಟರು ಹೇಳಿದ್ದಾರೆ. ಇಡುವವರು ಯಾರೆಂದು ಯಾರೂ ಹೇಳಿಲ್ಲ. ಅದನ್ನೇ ಕೇಳಲು ಶಂಕ್ರೆವ್ವ ಠಾಣೆಗೆ ಹೋದಳು. ಬಿಡುಗಡೆಯಾದವನ ಹಿಂದೆ ಆಳು ಹಚ್ಚಲು ಬರುವುದಿಲ್ಲ, ಏನಾದರೂ ಆದರೆ ಬಾ ಎಂದರು ದೊಡ್ಡ ಸಾಹೇಬರು.

"ಆದಮ್ಯಾಗ ನಾ ಹೆಣಾ ಹೊತ್ತಕೊಂಡ ಬರ್ಲೇನ್ರಿ?" ಎಂದಳಂತೆ.

ಈಗ ಪ್ರತಿ ಸಂತೆಯ ದಿನ ಹೋಗುತ್ತಾಳೆ. ಬಾಗಿಲಲ್ಲಿ ನಿಂತು, ಕಾವಲು ಯಾರದು ಎಂದು ಕೇಳುತ್ತಾಳೆ. ಅವಳನ್ನು ಕಂಡರೆ ಸಾಹೇಬರು ಜೀಪು ಹತ್ತುತ್ತಾರೆ.